ಮುಚ್ಚಳದ ಮೇಲಿನ ಮೂರು ಗೆರೆ

ಕೆಂಪು ಧೂಳು, ಬೂದಿಯಲ್ಲ — ಕಸ್ತೂರೆಮ್ಮನ ತೋರುಬೆರಳು ಬಸ್ಸಿನ ಗಾಜಿನ ಮೇಲೆ ತಾನಾಗಿಯೇ ಹರಿದು ನಿಂತಿತು, ಬೆರಳ ತುದಿಯನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದಳು, ಒರಟು, ಸಣ್ಣ ಉಸುಕಿನ ಹಾಗೆ, ಇದು ನೆಲದ ಧೂಳು, ಕುರಿ ತುಳಿದದ್ದು, ಎತ್ತು ತುಳಿದದ್ದು, ಎಷ್ಟು ಹಾರಿದರೂ ತಿರುಗಿ ನೆಲಕ್ಕೇ ಬಂದು ಕೂಡುವಂಥದ್ದು, ಬೂದಿ ಹಾಗಲ್ಲ, ಬೂದಿ ಬೆರಳಿಗೆ ತಾಗಿದ್ದೇ ತಿಳಿಯುವುದಿಲ್ಲ, ಹಾಲಿನ ಕೆನೆಯ ಹಾಗೆ ಜಾರಿ ಚರ್ಮದ ಗೆರೆಯೊಳಗೆ ಇಳಿದುಬಿಡುತ್ತದೆ, ಇವತ್ತು ಬೆಳಿಗ್ಗೆ ಸಿಂಧನೂರಿನ ಮನೆ ಬಿಡುವಾಗ ಮಗಳು ಪ್ರಿಯಾಂಕಾ ಬಾಗಿಲ ಮುಂದಿನ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಮೂರು ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆದಳಲ್ಲ, ಎಷ್ಟು ಮೆತ್ತಗೆ ಸರಿಯಿತು ಆ ಬೂದಿ, ಬೂದುಬಣ್ಣದ ಹಾಸಿನ ನಡುವೆ ಮೂರು ನೀಲಿ ಗೆರೆ, ಮುಚ್ಚಳದ ಬಣ್ಣ ನೀಲಿ ಎಂಬುದೇ ಮರೆತುಹೋಗಿತ್ತು, ಯವ್ವಾ, ಡ್ರಮ್ಮಿಗೆ ವಿಭೂತಿ ಹಚ್ಚೀನಿ ನೋಡು, ಅಳಸಬ್ಯಾಡ, ನಾ ಬರೂತನ ಇರಲಿ, ಹೂಂ ಅಳಸಂಗಿಲ್ಲ ನಡಿ, ಬಸ್ ತಪ್ಪತೈತಿ. ನಾ ಬರೂತನ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರಿಗೆ ಮರಳುವ ಬಸ್ಸು ಇನ್ನೂ ಹೊರಟಿಲ್ಲ, ಡ್ರೈವರು ಚಹಾಕ್ಕೆ ಇಳಿದು ಹೋಗಿದ್ದಾನೆ, ಕಿಟಕಿಯೊಳಗೆ ಕೈ ತೂರಿಸಿ ಸೇಂಗಾ ಮಾರುವವಳು ಒಂದ್ ತಗೋ ಅಕ್ಕಾ, ಬಿಸಿ ಅದಾವ ಅನ್ನುತ್ತಾಳೆ, ಬ್ಯಾಡವ್ವ, ತಿನ್ನಾಕಿ ಇಲ್ಲಿಲ್ಲ, ತಿನ್ನುವವಳು ಹಿಂದೆ ಗುರುಗುಂಟಾದಲ್ಲಿ ಉಳಿದಿದ್ದಾಳೆ, ಆಯಿಯ ಮನೆಯಲ್ಲಿ, ಕಸ್ತೂರೆಮ್ಮನ ತವರಿನಲ್ಲಿ, ಆಡಿನ ಮರಿಯ ಕೊರಳಿಗೆ ಕೈ ಹಾಕಿಕೊಂಡು, ಪಕ್ಕದ ಸೀಟು ಖಾಲಿ, ಹೋಗುವಾಗ ಖಾಲಿ ಇರಲಿಲ್ಲ, ಹೋಗುವಾಗ ಆ ಪಕ್ಕದಿಂದ ಸುಂಯ್ ಸುಂಯ್ ಅನ್ನುವ ಸದ್ದು ಮಸ್ಕಿಯವರೆಗೂ ಜೊತೆಗೆ ಬಂದು, ಆಮೇಲೆ ಎಲ್ಲಿ ಇಳಿದುಕೊಂಡಿತೋ, ನಿಂತುಹೋಗಿತ್ತು.

ಆ ಸದ್ದಿಗೆ ಹುಡುಗಿಯೇ ಹೆಸರಿಟ್ಟಿದ್ದಳು, ಬೆಕ್ಕಿನಮರಿ, ನನ್ನ ಎದಿಯಾಗ ಒಂದು ಬೆಕ್ಕಿನಮರಿ ಐತಿ ಯವ್ವಾ, ಇವತ್ತು ಮಕ್ಕೊಂಡೈತಿ, ಇವತ್ತು ಸಿಟ್ಟಿಗೆದ್ದೈತಿ, ಸಾಲ್ಯಾಗ ಓಡಾಕ ಹೋದ್ರ ಪರಚತೈತಿ ನೋಡು, ಎರಡನೆಯ ತರಗತಿಯ ಕೂಸು ಮುದುಕಿಯರ ಹಾಗೆ ಶಾಲೆಯ ದಾರಿಯಲ್ಲಿ ಕಟ್ಟೆ ಹುಡುಕಿ ಕೂತು ದಣಿವಾರಿಸಿಕೊಂಡು ಹೋಗುತ್ತಿತ್ತು, ಜೊತೆಯ ಹುಡುಗರು ಅಜ್ಜೀ ಅಜ್ಜೀ ಎಂದು ಕಾಡಿದರೆ ಇವಳೂ ಬಿಡುತ್ತಿರಲಿಲ್ಲ, ಅಜ್ಜೀಗೆ ಕಾಲ್ ಬೀಳ್ರಲೇ ಹಂಗಾರ ಎಂದು ಕಾಲು ಮುಂದೆ ಚಾಚುತ್ತಿದ್ದಳು, ನಕ್ಕರೆ ಕೆಮ್ಮು, ಕೆಮ್ಮಿದರೆ ಮತ್ತೆ ಬೆಕ್ಕಿನಮರಿ. ಕಸ್ತೂರೆಮ್ಮ ಎರಡು ವರ್ಷ ಆ ಸದ್ದಿನ ಮೇಲೆ ಕಿವಿಯಿಟ್ಟೇ ಬದುಕಿದವಳು, ರೊಟ್ಟಿ ಬಡಿಯುವಾಗ, ಕೊಡ ತುಂಬುವಾಗ, ಅಕ್ಕಿ ಮಿಲ್ಲಿನ ಅಂಗಳದಲ್ಲಿ ಭತ್ತ ಹರವುವಾಗ, ಕಿವಿಯ ಒಂದು ಮೂಲೆ ಅಲ್ಲೇ, ಸದ್ದು ಸಣ್ಣದಾದರೆ ಸಮಾಧಾನ, ದೊಡ್ಡದಾದರೆ ದವಾಖಾನೆ, ಅಲ್ಲಿ ಮೂಗು ಬಾಯಿಗೆ ಮುಖವಾಡ ಕಟ್ಟಿ ಮಂಜಿನಂಥ ಔಷಧ ಹಿಡಿಸಿದರೆ ಮೂರು ದಿನ ಚಂದ, ನಾಲ್ಕನೆಯ ದಿನ ಮರಿ ಎಚ್ಚರ. ದಸರೆಯ ರಜೆಗೆ ಗುರುಗುಂಟಾಕ್ಕೆ ಹೋದಾಗ, ತವರಿನ ಅಂಗಳದ ಬೇವಿನ ಗಿಡದ ಕೆಳಗೆ, ಮಟಮಟ ಮಧ್ಯಾಹ್ನ, ಕೌದಿಯ ಮೇಲೆ ಹುಡುಗಿ ಮಲಗಿದ್ದಾಳೆ, ಇವಳು ಹತ್ತಿರದಲ್ಲೇ ಕೂತು ತೊಗರಿ ಹಸನು ಮಾಡುತ್ತಿದ್ದಾಳೆ, ಒಮ್ಮೆಲೇ ಕಿವಿ ಖಾಲಿಯಾಯಿತು, ಸದ್ದಿಲ್ಲ — ಮೊರ ಒಗೆದು ಎದ್ದು ಹುಡುಗಿಯ ಭುಜ ಹಿಡಿದು ಅಲುಗಾಡಿಸಿಬಿಟ್ಟಳು, ಪ್ರಿಯಾ, ಏ ಪ್ರಿಯಾ, ಕಣ್ ತೆಗಿ ನನ್ನವ್ವ, ಹುಡುಗಿ ಗಾಬರಿಯಾಗಿ ಎದ್ದು ಕೂತು ಅತ್ತಳು, ಆಡಿಗೆ ಸೊಪ್ಪು ಕಟ್ಟುತ್ತಿದ್ದ ಅವ್ವ ವೀರಭದ್ರಮ್ಮ ಅಲ್ಲಿಂದಲೇ ಬಾಯಿಮಾಡಿದಳು, ನಿನಗೇನ್ ಹುಚ್ಚು ಹಿಡದೈತೇನ, ಚಂದಾಗಿ ಮಕ್ಕೊಂಡ ಕೂಸಿನ ಯಾಕ ಎಬಿಸಿದಿ, ಉಸಿರಾಡಾಕತ್ತಿದ್ದಿಲ್ಲ ಯವ್ವಾ, ಉಸಿರಾಡಾಕತ್ತಿದ್ದಳು ಬೇ, ಉಸಿರು ಅಂದ್ರ ಹಂಗ ಇರತೈತಿ, ಅದಕ್ಕ ಸಪ್ಪಳ ಇರಂಗಿಲ್ಲ. ಉಸಿರಿಗೆ ಸಪ್ಪಳವಿಲ್ಲ ಎಂಬುದನ್ನು ಮರೆತು ಎಷ್ಟು ದಿನವಾಗಿತ್ತು, ಅದೇ ಸಂಜೆ ಹುಡುಗಿ ಆಡಿನ ಮರಿಯ ಹಿಂದೆ ಓಡಿದಳು, ಓಡಿದಳು ಅಂದರೆ ಓಡಿದಳು, ಲಂಗ ಎತ್ತಿ ಹಿಡಿದು, ಜಾಲಿಯ ಬೇಲಿಯವರೆಗೂ, ನಿಂತು ಮೊಣಕಾಲಿಗೆ ಕೈಕೊಟ್ಟು ತಿರುಗಿ ನೋಡಿ ಕೂಗಿದಳು, ಯವ್ವಾ, ಬೆಕ್ಕಿನಮರಿ ಎಲ್ಲೋ ಓಡಿಹೋಗೈತಿ! — ಹೆತ್ತವಳು ತನ್ನ ಮಗಳು ಹೀಗೆ ಓಡುವುದನ್ನು ಎರಡು ವರ್ಷದಲ್ಲಿ ಅವತ್ತೇ ಮೊದಲು ನೋಡಿದ್ದು, ಓಡುವಾಗ ಅವಳ ಎಡಗಾಲು ಸ್ವಲ್ಪ ಹೊರಕ್ಕೆ ಬೀಳುತ್ತದೆ, ಅಪ್ಪನ ಹಾಗೆ, ಇಷ್ಟು ದಿನ ಅದೂ ಗೊತ್ತಿರಲಿಲ್ಲ. ರಜೆ ಮುಗಿಸಿ ಮರಳಿದ ದಿನ ಸಿಂಧನೂರಿನ ಚಿಮಣಿಗಳು ಕಂಡವೋ ಇಲ್ಲವೋ, ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು, ಬಂತ್ ನೋಡು, ನಾವು ಬರೋದನ್ನ ಇಲ್ಲೇ ಕಾಯಾಕತ್ತಿತ್ತು ಅಂದಳು.

ಬಸ್ಸು ಹೊರಟಿದೆ, ಯಾವಾಗ ಹೊರಟಿತು, ಕಂಡಕ್ಟರು ಆಧಾರ್ ಕಾರ್ಡು ನೋಡಿ ದುಡ್ಡಿಲ್ಲದ ಟಿಕೆಟ್ಟು ಹರಿದುಕೊಟ್ಟು ಒಬ್ಬರೇನಾ ಅಂದ, ಹೂನ್ರೀ, ಒಬ್ಬಾಕಿನ, ಆ ಮಾತು ನಾಲಿಗೆಯ ಮೇಲೆ ಔಷಧದ ಗುಳಿಗೆಯ ಹಾಗೆ ಕೂತಿತು, ಕರಗಲಿಲ್ಲ, ಖಾಲಿ ಸೀಟಿಗೆ ಒಬ್ಬ ದಪ್ಪ ಹೆಂಗಸು ಬಂದು ಕೂತಳು, ಕಾಲ ಸಂದಿಯಲ್ಲಿ ಬುಟ್ಟಿ, ಬುಟ್ಟಿಯ ಬಾಯಿಗೆ ಬಲೆ, ಒಳಗೆ ಎರಡು ಕೋಳಿ, ಸರದು ಕೂಡವ್ವ ಸ್ವಲ್ಪ, ನನ್ನ ಕೋಳಿಗೂ ಆಧಾರ್ ಕಾರ್ಡ್ ಮಾಡಿಸಬೇಕು, ಇವಕ್ಕೂ ರೊಕ್ಕ ಕೇಳತಾನ ಇಂವ, ತನ್ನಷ್ಟಕ್ಕೆ ತಾನೇ ನಕ್ಕಳು, ಊರು ವಳಕಮದಿನ್ನಿಯಂತೆ, ಕಾಲುವೆ ಕೆಳಗೆ ಭತ್ತವಂತೆ, ನೀ ಯಾವೂರಾಕಿ, ಸಿಂಧನೂರು, ಮಿಲ್ಲಿನ ಕಡ್ಯಾಕಿ ಹೌದಿಲ್ಲೋ, ಹೆಂಗ ಗೊತ್ತಾತ್ರಿ, ಸೆರಗು ನೋಡು, ಮಡಿಕ್ಯಾಗೆಲ್ಲ ಬೂದಿ ಐತಿ. ಕಸ್ತೂರೆಮ್ಮ ಸೆರಗು ನೋಡಿಕೊಂಡಳು, ಪೆಟ್ಟಿಗೆಯಿಂದ ತೆಗೆದ ಒಳ್ಳೆಯ ಸೀರೆ, ನಿಜ, ಮಡಿಕೆಯ ಅಂಚಿಗೆಲ್ಲ ಕಾಡಿಗೆ ತೀಡಿದ ಹಾಗೆ ಬೂದು ಗೆರೆ, ಪೆಟ್ಟಿಗೆಯೊಳಗೂ ಹೋಗಿದೆ, ಬೀಗಕ್ಕೂ ಜಗ್ಗುವುದಿಲ್ಲ ಅದು, ಚಲೋ ಬಿಡು, ಅಂದಳು ಆ ಹೆಂಗಸು, ನಾವು ಬೆಳಿತೀವಿ, ಪ್ಯಾಟಿ ಮಂದಿ ಅಕ್ಕಿ ಉಣ್ಣತಾರ, ನೀವು ಹೊಟ್ಟು ಉಣ್ಣತೀರಿ, ಎಲ್ಲಾರಿಗೂ ಪಾಲು ಹಂಚೇತಿ. ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಆಕೆ ಕೆಟ್ಟದ್ದಕ್ಕೆ ಅಂದದ್ದಲ್ಲ, ಕೋಳಿಗೆ ಕಾಳು ಹಾಕಿದಷ್ಟೇ ಸಲೀಸಾಗಿ ಅಂದಳು, ಸೂಗಪ್ಪನೂ ಹೀಗೆಯೇ, ಗಂಡನ ಬಾಯಲ್ಲೂ ಇಂಥವೇ ಮಾತು, ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕಿ ಉರಿ ಕಾಯುವವನು ಅವನು, ಪಾಳಿ ಮುಗಿಸಿ ಬಂದು ತಲೆ ಕೊಡವಿಕೊಂಡು ಗಾಳಿ ನಮ್ಮ ಮಾಲಕರ ಪಗಾರದಾಗ ಐತಿ ಕಸ್ತೂರಿ ಅನ್ನುತ್ತಿದ್ದ, ಸುಗ್ಗಿ ಮುಗಿದು ಭತ್ತ ಬಂದು ಮಿಲ್ಲು ಹಗಲೂ ರಾತ್ರಿ ಓಡುವ ಕಾಲಕ್ಕೆ ಸರಿಯಾಗಿ ಮೂಡಣ ಗಾಳಿ ಎದ್ದು ಬೂದಿಯನ್ನೆಲ್ಲ ಪಡುವಣದ ನಮ್ಮ ಸಾಲುಮನಿಗೆ ತಂದು ಸುರೀತೈತಿ, ಮಳಿಗಾಲದಾಗ ಗಾಳಿ ತಿರುಗಿ ಮಾಲಕರ ಕಾಲನಿ ಕಡೆ ಹೋಗೂ ಹೊತ್ತಿಗೆ ಮಿಲ್ಲಿಗೆ ಕೆಲಸಾನ ಇರಂಗಿಲ್ಲ, ಎಂಥಾ ನಿಯತ್ತಿನ ಆಳು ಅದು. ನಗುತ್ತಿದ್ದ, ನಗುನಗುತ್ತಲೇ ಕೆಮ್ಮುತ್ತಿದ್ದ, ಮನೆ ಮಿಲ್ಲಿನದು, ಬಾಡಿಗೆಯಿಲ್ಲ, ಬಾಯ್ಲರಿನವನು ಕರೆದಾಗ ಸಿಗಬೇಕೆಂದೇ ಕೊಟ್ಟ ಮನೆ, ಮನೆ ಬಿಟ್ಟರೆ ಕೆಲಸ ಬಿಟ್ಟ ಹಾಗೆ, ಊರಿನ ಆ ತುದಿಗೆ, ಗಾಳಿ ಇರುವ ಕಡೆ, ಇಬ್ಬರೂ ಹೋಗಿ ಮನೆ ಕೇಳಿ ಬಂದಿದ್ದರು, ತಿರುಗಿ ಬರುವಾಗ ಅವನೇ ಅಂದ, ಅಲ್ಲಿ ಮನಿ ಬಾಡಿಗಿ ಅಷ್ಟ ಅಲ್ಲ, ಗಾಳಿ ಬಾಡಿಗಿನೂ ಸೇರಿಸಿ ಕೇಳತಾರ ಮಕ್ಕಳು, ಅವತ್ತು ಮಾತ್ರ ನಗಲಿಲ್ಲ.

ಮಸ್ಕಿ ಮಸ್ಕಿ, ಯಾರ್ರೀ ಇಳಿಯೋರು, ಬೆಟ್ಟ ಕಂಡಿತು, ಬಂಡೆಯ ಮೇಲೆ ಬಂಡೆ, ಮೇಲೆ ಮಲ್ಲಯ್ಯನ ಗುಡಿ, ಕೈ ತಾನಾಗಿ ಎದೆಗೆ ಹೋಗಿ ಮುಗಿಯಿತು, ಅಪ್ಪನ ಹೆಗಲ ಮೇಲೆ ಕೂತು ಆ ಮೆಟ್ಟಿಲು ಹತ್ತಿದ್ದು ನೆನಪು, ಅಪ್ಪ ಗ್ಯಾನಪ್ಪ ಓದು ಬಾರದವನು, ಮಠದಲ್ಲಿ ಪುರಾಣ ಹೇಳುವಾಗ ಕಂಬಕ್ಕೊರಗಿ ಕೂತು ಕೇಳಿ ಕೇಳಿಯೇ ಸಾವಿರ ಪದ ಬಾಯಿಗೆ ಬಂದವನು, ಒಂದೊಂದು ಮೆಟ್ಟಿಲಿಗೆ ಒಂದೊಂದು ನುಡಿ, ಏದುಸಿರು ಬಂದರೆ ನಿಂತು, ಬರುವ ಉಸಿರು ಅವನದು, ಹೋಗುವ ಉಸಿರು ಅವನದು, ನಡುವೆ ನಿಂತ ಗಳಿಗೆಯೊಂದೇ ನಿನ್ನದು, ಅನ್ನುತ್ತಿದ್ದ, ಹೆಗಲ ಮೇಲಿನವಳಿಗೆ ಆ ಗಳಿಗೆ ತೊಡೆಯ ಕೆಳಗೇ ಗೊತ್ತಾಗುತ್ತಿತ್ತು, ಅಪ್ಪನ ಬೆನ್ನು ಉಬ್ಬಿ, ನಿಂತು, ಆಮೇಲೆ ಇಳಿಯುತ್ತಿತ್ತು. ಅದೇ ಅಪ್ಪ ಮಠಕ್ಕೆ ವಿಭೂತಿ ಮಾಡಿಕೊಡುತ್ತಿದ್ದ, ಆಕಳ ಸಗಣಿಯ ಉಂಡೆ ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಚೆಲ್ಲಿ, ಬೆಣ್ಣೆಯಂಥ ಬಿಳುಪು ಉಳಿದಾಗ ಗಟ್ಟಿ ಕಟ್ಟಿ, ಎಲ್ಲಾನೂ ಸುಟ್ಟ ಮ್ಯಾಲೆ ಉಳಿಯೂದು ಇದು ಒಂದ ಮಗಳ, ಇದರಾಗ ಹೊಲಸು ಅಂಬೂದು ಇರಂಗಿಲ್ಲ. ಇರಂಗಿಲ್ಲ. ಆ ಮಾತು ಎಲುಬಿಗೆ ಇಳಿದಿತ್ತು, ಅದಕ್ಕೇ ದವಾಖಾನೆಯಲ್ಲಿ ಡಾಕ್ಟರಮ್ಮ ಮನ್ಯಾಗ ಧೂಳು ಐತೇನವ್ವ, ಹೊಗಿ ಐತೇನು ಎಂದು ಕೇಳಿದಾಗೆಲ್ಲ ಇಲ್ರೀ, ದಿನಾ ಎರಡೊತ್ತು ಕಸ ಹೊಡೀತೀನಿ, ಗ್ಯಾಸಿನ ಮ್ಯಾಲೆ ಅಡಗಿ ಮಾಡತೀನಿ, ಧೂಳಂಬೂದು ಇಲ್ಲ ಅಂದಳು, ಸುಳ್ಳು ಹೇಳಲಿಲ್ಲ, ಎರಡು ವರ್ಷ ಅದನ್ನೇ ಅಂದಳು, ಡಾಕ್ಟರಮ್ಮ ಗುಳಿಗೆ ಬದಲಿಸಿದಳು, ನೀರು ಕಾಸಿ ಕುಡಿಸೆಂದಳು, ಬಾಳೆಹಣ್ಣು ತಿನ್ನುವುದನ್ನು ಬಿಡಿಸೆಂದಳು, ಕಡೆಗೆ ಆಶಾ ಕಾರ್ಯಕರ್ತೆ ಶೈಲಜಕ್ಕನನ್ನು ಮನೆಗೆ ಕಳಿಸಿದಳು, ಶೈಲಜಕ್ಕ ಬಾಗಿಲಲ್ಲೇ ನಿಂತು ಡ್ರಮ್ಮಿನ ಮುಚ್ಚಳದ ಮೇಲೆ ಬೆರಳೆಳೆದು, ಇದೇನ್ ಕಸ್ತೂರಿ, ಬೂದಿರಿ ಅಕ್ಕ, ಮಿಲ್ಲಿಂದು ಬೀಳತೈತಲ್ಲ, ಮತ್ತ ಧೂಳಿಲ್ಲ ಅಂತ ಹೇಳಿ ಬಂದೀಯಂತ, ಧೂಳೆಲ್ಲೈತ್ರಿ, ಇದು ಬೂದಿ. ಒಳಗೆ ಬಂದ ಶೈಲಜಕ್ಕನ ಕಣ್ಣು ಗೋಡೆಯ ದೇವರ ಮಾಡದ ಮೇಲೆ ಬಿತ್ತು, ಅಲ್ಲಿ ಕಾಯಿಚಿಪ್ಪಿನಲ್ಲಿ ಬೂದುಬಣ್ಣದ ಪುಡಿ, ತವರಿನ ವಿಭೂತಿ ತೀರಿದಾಗ ಮುಚ್ಚಳದ ಮೇಲಿನದನ್ನೇ ಹಳೆಯ ಧೋತರದಲ್ಲಿ ಜರಡಿ ಹಿಡಿದು ಇಟ್ಟದ್ದು, ಮೇಲಿಂದ ಬಿದ್ದದ್ದು, ಯಾರೂ ತುಳಿಯದ್ದು, ಶಿವನೇ ಸುರಿದದ್ದು ಅಂದುಕೊಂಡು, ಜರಡಿ ಹಿಡಿಯುವಾಗ ಪ್ರಿಯಾಂಕಾ ಎದುರಿಗೆ ಕೂತು ಬಟ್ಟೆಯ ತುದಿ ಹಿಡಿಯುತ್ತಿದ್ದಳು, ಹಾರುವ ಪುಡಿಗೆ ಮೂಗೊಡ್ಡಿ ಮಂಜು ಬಂತು ಮಂಜು ಎಂದು ನಗುತ್ತಿದ್ದಳು, ಸ್ನಾನ ಮಾಡಿ ಬಂದರೆ ಹಣೆಗೆ ಮೂರು ಬೆರಳು, ಮುಖ ಮೇಲೆತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು, ರೆಪ್ಪೆಯ ಮೇಲೆ ಒಂದಿಷ್ಟು ಉದುರಿ — ಶೈಲಜಕ್ಕ ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆಕೆ ಬೈಯಲಿಲ್ಲ, ಚಿಪ್ಪು ಎತ್ತಿ ಹೊರಗೆ ಚೆಲ್ಲಲೂ ಇಲ್ಲ, ಮುಟ್ಟದೆ ಕೈ ಮುಗಿದು, ದೇವರು ಇದನ್ನ ಕೇಳಿಲ್ಲವ್ವ ಅಂದಳು.

ಬಸ್ಸಿನೊಳಗೆ ತಂಪು ಬಂದಿತು, ಕಾಲುವೆ ಶುರುವಾಯಿತು, ಗಾಳಿಯಲ್ಲಿ ಹಸಿ ವಾಸನೆ, ರಸ್ತೆಯ ಎರಡೂ ಕಡೆ ಭತ್ತ, ಹಣ್ಣಾಗಿ ಬಾಗಿದ ಭತ್ತ, ಕೊಯ್ಯುವ ಮಷೀನು ದೂರದಲ್ಲಿ ಕೆಂಪಗೆ ನಿಂತಿದೆ, ಎಷ್ಟು ಚಂದ ಈ ಬಂಗಾರದ ಬಣ್ಣ, ನೋಡಿದವರು ಲಕ್ಷ್ಮಿ ಅಂದಾರು, ಇದಷ್ಟಕ್ಕೂ ಹೊಟ್ಟಿರುತ್ತದೆ, ಆ ಹೊಟ್ಟಿಗೆ ಸೂಗಪ್ಪನ ಕೈಯಿರುತ್ತದೆ, ನೋಡು ಈ ಸಲ ಎಷ್ಟು ಬೆಳದೈತಿ ಎಂದು ಕೋಳಿಯ ಹೆಂಗಸು ಮೊಣಕೈಯಿಂದ ತಿವಿದಳು, ಬಂಪರ್, ಹೂನ್ರೀ, ಬಂಪರ್. ಔಷಧಿ ಬರದು ಕೊಡತೀನವ್ವ, ಗಾಳಿ ಬರದು ಕೊಡಾಕ ಬರಂಗಿಲ್ಲ, ಅಂದಿದ್ದಳು ಡಾಕ್ಟರಮ್ಮ, ಬೂದಿಯ ವಿಷಯ ತಿಳಿದ ಮೇಲೆ, ಹುಡುಗಿನ ಬ್ಯಾರೆ ಕಡೆ ಇಡಾಕ ಆಗತೈತೇನು, ಆಗತೈತ್ರಿ ಅಂದದ್ದು ಯಾರು, ತನ್ನ ಬಾಯೇ ಅಂದಿತು. ಗುರುಗುಂಟಾದ ಶಾಲೆಗೆ ತಮ್ಮ ವೀರೇಂದ್ರ ಹೆಸರು ಹಚ್ಚಿಸಿದ್ದಾನೆ, ಮಾಮನ ಗಾಡಿಯ ಮುಂದೆ ಕೂತು ಹೋಗಬಹುದು ಎಂಬ ಆಸೆಗೆ ಹುಡುಗಿ ಹೂಂ ಅಂದಿದ್ದಾಳೆ, ಅವ್ವ ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟು, ನುಚ್ಚಿನ ಅನ್ನ ತಿನಿಸಿ ತಿನಿಸಿ ಕೂಸಿನ ಹತ್ತಿ ಹಂಗ ಹಗುರ ಮಾಡಿ ಇಟ್ಟೀದಿ, ಆರು ತಿಂಗಳು ಬಿಟ್ಟು ಬಾ, ಗುರುತ ಸಿಗಲಿಕ್ಕಿಲ್ಲ ನೋಡು ಅಂದಳು, ಆರು ತಿಂಗಳು, ಗುರುತು ಸಿಗಲಿಕ್ಕಿಲ್ಲ, ಒಳ್ಳೆಯ ಮಾತಿಗೇ ಅಂದದ್ದು, ಆದರೂ ಯಾರಿಗೆ ಯಾರ ಗುರುತು. ಕರುಳು ಹೀಗೂ ಇರುತ್ತದೆಯೇ, ಕೂಸು ಚಂದಾಗಿ ಉಸಿರಾಡಲಿ ಎಂದು ಹರಕೆ ಹೊತ್ತವಳಿಗೆ ಈಗ ಆ ಸದ್ದೇ ಬೇಕು ಅನ್ನಿಸುತ್ತಿದೆ, ಆ ಸುಂಯ್ ಸುಂಯ್, ಬೆನ್ನಿಗೆ ಆತು ಮಲಗಿದರೆ ಬೆನ್ನೆಲುಬಿಗೆ ತಾಗುತ್ತಿದ್ದ ಆ ಬಿಸಿ, ಸದ್ದಿದ್ದರೆ ಅವಳಿದ್ದಾಳೆ ಎಂದೇ ಅರ್ಥವಿತ್ತು, ಇನ್ನು ಮೇಲೆ ಸದ್ದಿಲ್ಲದಿದ್ದರೆ ಅವಳು ಚೆನ್ನಾಗಿದ್ದಾಳೆ ಎಂದು ತಿಳಿಯಬೇಕು, ಸದ್ದಿಲ್ಲದ್ದನ್ನು ಕೇಳಿಕೊಂಡು ಹೇಗೆ ಮಲಗುವುದು. ಬಿಟ್ಟು ಬರುವಾಗ ಅಳುತ್ತಾಳೆ, ಸೆರಗು ಹಿಡಿಯುತ್ತಾಳೆ, ಏನು ಹೇಳಿ ಬಿಡಿಸಿಕೊಳ್ಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟಿದ್ದಳು, ಒಂದೂ ಬೇಕಾಗಲಿಲ್ಲ, ಅವ್ವ ಹುಡುಗಿಯ ಹಣೆಗೆ ಅಪ್ಪ ಮಾಡಿಟ್ಟ ಹಳೆಯ ಗಟ್ಟಿಯಿಂದ ವಿಭೂತಿ ತೀಡಿದಳು, ಮೂರು ಬಿಳಿ ಗೆರೆ, ಬೆಳದಿಂಗಳಂಥವು, ಹುಡುಗಿ ಮುಖ ಎತ್ತಿ ಕಣ್ಣು ಮುಚ್ಚಿ ನಿಂತು ಹಚ್ಚಿಸಿಕೊಂಡು, ಹೋಗ್ ಬಾ ಯವ್ವಾ, ನಾ ಮರಿಗೆ ಸೊಪ್ಪು ಹಾಕಬೇಕು, ಅಂದು ಓಡಿಯೇ ಬಿಟ್ಟಳು, ಎಡಗಾಲು ಹೊರಕ್ಕೆ ಹಾಕುತ್ತ, ಬೇಲಿಯ ಹತ್ತಿರ ನಿಂತು ಏನೋ ನೆನಪಾಗಿ ತಿರುಗಿದಳು, ಯವ್ವಾ, ಬೆಕ್ಕಿನಮರಿ ಅಲ್ಲೇ ಸಿಂಧನೂರಾಗ ಉಳದೈತಿ, ಮನ್ಯಾಗ ಒಂದ ಇರತೈತಿ, ಹಾಲು ಹಾಕು ಅದಕ್ಕ. ಆಯಿತು ಹಾಕತೀನಿ. ಅಳಲಿಲ್ಲ ಹುಡುಗಿ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಯಾವ ತಾಯಿ ಅಂದಾಳು, ಅನ್ನಬಾರದು, ಶಿವ ಶಿವ, ಅನ್ನಬಾರದು.

ಚಿಮಣಿ ಕಂಡವು, ಒಂದು, ಅದರ ಹಿಂದೆ ಒಂದು, ಸಂಜೆಯ ಕೆಂಪಿನಲ್ಲಿ ಹೊಗೆ ಗರಿ ಬಿಚ್ಚಿ ನಿಂತಿದೆ, ಪಡುವಣಕ್ಕೆ ವಾಲಿದೆ, ನಿಯತ್ತಿನ ಆಳು, ಕೈ ತಾನಾಗಿ ಪಕ್ಕದ ಸೀಟಿಗೆ ಹೋಯಿತು, ಬಂತೇನ ಪ್ರಿಯಾ ಎಂದು ಕೇಳಲು, ಕೈಗೆ ಸಿಕ್ಕದ್ದು ಇಳಿಯಲೆಂದು ಆ ಹೆಂಗಸು ತೊಡೆಗೇರಿಸಿಕೊಂಡಿದ್ದ ಬುಟ್ಟಿಯ ಬಲೆ, ಕೋಳಿ ಕೊಕ್ಕಿನಿಂದ ಕುಟುಕಿತು, ಇಳಿಯವ್ವ ನಿಮ್ಮೂರು ಬಂತು, ಏನ್ ಕನಸು ಕಾಣಾಕತ್ತೀದಿ, ವಳಕಮದಿನ್ನಿಯ ಹೆಂಗಸು ಬುಟ್ಟಿ ಎತ್ತಿಕೊಂಡು ಇಳಿದು ಮಂದಿಯಲ್ಲಿ ಕರಗಿದಳು. ಸೆರಗಿನ ಗಂಟಿನಲ್ಲಿ ಅವ್ವ ಕೊಟ್ಟ ವಿಭೂತಿ ಗಟ್ಟಿ, ನಡೆದರೆ ಸೊಂಟಕ್ಕೆ ತಟ್ಟುತ್ತದೆ, ಟಿಫಿನ್ ಅಂಗಡಿ, ಔಷಧದ ಅಂಗಡಿ, ಔಷಧದ ಅಂಗಡಿಯಲ್ಲಿ ಪ್ರಿಯಾಂಕಾಳ ಪಂಪು ಸಿಗುತ್ತದೆ, ಉಬ್ಬಸಕ್ಕೆ ಬಾಯಿಗಿಟ್ಟು ಸೇದುವ ಪಂಪು, ಅದನ್ನ ಹಚ್ಚಬ್ಯಾಡ, ಚಟ ಆಗತೈತಿ, ನಾಳೆ ಯಾರು ಮಾಡಿಕೊಳ್ಳತಾರ ಎಂದು ಸಾಲುಮನೆಯ ಹೆಂಗಸರು ಹೆದರಿಸಿ ಎಷ್ಟು ದಿನ ಪೆಟ್ಟಿಗೆಯಲ್ಲೇ ಇಡಿಸಿದ್ದರು, ಸಾಲಿನ ಪ್ರತಿ ಮನೆಯಲ್ಲೂ ಒಂದು ಕೂಸು ಕೆಮ್ಮುತ್ತದೆ, ಎಲ್ಲರೂ ನೀರು ಬದಲಾತು ಅನ್ನುತ್ತಾರೆ, ದೃಷ್ಟಿ ಅನ್ನುತ್ತಾರೆ, ನಾಳೆ ಹೇಳಬೇಕು, ಒಂದೊಂದು ಮನೆಗೂ ಹೋಗಿ ಇದು ಬೂದಿ ಅಲ್ಲವ್ವ, ಧೂಳು, ಅನ್ನಬೇಕು, ಹೇಳಿದ ಮಾತ್ರಕ್ಕೆ ಅವರು ತಾನೇ ಎಲ್ಲಿಗೆ ಹೋದಾರು, ಎಲ್ಲರಿಗೂ ಗುರುಗುಂಟಾದಲ್ಲಿ ತವರು ಇರುತ್ತದೆಯೇ. ದಾರಿಯಲ್ಲಿ ಹುಡುಗಿ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಟ್ಟೆ, ಕಾಲು ಅಲ್ಲಿ ನಿಂತೇ ನಿಂತಿತು, ರೂಢಿ, ಯಾರೂ ಕೂತಿರದಿದ್ದರೂ ಒಂದು ಗಳಿಗೆ ಕಾದು ಮುಂದೆ ಹೋದಳು, ಬೆಳಿಗ್ಗೆ ಇಲ್ಲಿಯವರೆಗೆ ಸೂಗಪ್ಪ ಬಂದಿದ್ದ, ರಾತ್ರಿ ಪಾಳಿಯಿಂದ ನೇರ, ಕೈ ತೊಳೆಯಲು ಹೊತ್ತಿರಲಿಲ್ಲ, ಮಗಳನ್ನು ಮುಟ್ಟುವ ಮೊದಲು ಮೊಣಕೈತನಕ ತೊಳೆಯುವವನು, ಹೋಗ್ ಬಾ ಮಗಳ, ಆಯಿ ರೊಟ್ಟಿ ತಿಂದು ಡೊಳ್ಳು ಆಗಿ ಬಾ, ಎಂದು ಮಾತಲ್ಲೇ ನಗಿಸಿ, ಎರಡೂ ಕೈ ಹಿಂದೆ ಕಟ್ಟಿ, ಬಾಗಿ, ಮೊಣಕೈಯಿಂದ ಅವಳ ತಲೆ ಸವರಿದ್ದ, ಹುಡುಗಿ ಕಿಲಕಿಲ ನಕ್ಕಿದ್ದಳು, ಅಪ್ಪಾಗ ಕೈ ಇಲ್ಲ ಅಪ್ಪಾಗ ಕೈ ಇಲ್ಲ.

ಸಾಲುಮನೆಯ ಬಾಗಿಲು ಅರ್ಧ ತೆರೆದಿದೆ, ಒಳಗೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಸೂಗಪ್ಪ ಮಲಗಿದ್ದಾನೆ, ಬಾಯ್ಲರಿನ ಹತ್ತಿರ ಇವತ್ತಿನ ಪಾಳಿಯವನ ಸಲಿಕೆಯ ಸದ್ದು, ಖರ್ ಖರ್, ಬಾಗಿಲ ಪಕ್ಕ ಡ್ರಮ್ಮು, ನೋಡಬಾರದು ಅಂದುಕೊಂಡೇ ನೋಡಿದಳು, ಇವೆ, ಇನ್ನೂ ಇವೆ, ಮೂರು ಗೆರೆ, ಬೆಳಗಿನಷ್ಟು ನೀಲಿಯಲ್ಲ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ತೆಳ್ಳಗೆ ಮುಸುಕು ಬಂದಿದೆ, ಮೇಲಿನ ಗೆರೆಯ ತುದಿ ಎಲ್ಲಿ ಮುಗಿಯುತ್ತದೆ ಎಂದು ಈಗ ಹೇಳಲಾಗದು, ನಡುವಿನದು ಹುಡುಗಿಯ ನಡುಬೆರಳು, ಅಲ್ಲಿ ಉಗುರು ತಾಗಿದ ಸಣ್ಣ ಗೀರು ಕೂಡ ಕಾಣುತ್ತದೆ, ಬೆಳಗಾದರೆ ಎಲ್ಲ ತುಂಬಿ ಸಮವಾಗುತ್ತದೆ, ಒರೆಸಿದರೆ ಅವಳ ಬೆರಳು ಹೋಗುತ್ತದೆ, ಒರೆಸದಿದ್ದರೂ ಹೋಗುತ್ತದೆ, ಹಿಟ್ಟು ನಾದುವ ಪರಾತ ಕವುಚಿ ಮುಚ್ಚಿಡಲೇ, ನಾ ಬರೂತನ ಇರಲಿ, ಪರಾತ ಒಳಗಿದೆ, ಒಳಗೆ ಹೋಗಬೇಕು, ಹೆಜ್ಜೆ ಎತ್ತಿದಳು — ಸುಂಯ್. ಕಿವಿ ನಿಮಿರಿತು. ಸುಂಯ್ ಸುಂಯ್. ಬೆಕ್ಕಿನಮರಿ, ಮನೆಯಲ್ಲೇ ಉಳಿದಿದೆ, ಒಂದೇ ಇದೆ, ಹಾಲು ಹಾಕಬೇಕು, ಒಂದು ಕ್ಷಣ ಎದೆ ಹಾಲಿನ ಹಾಗೆ ಉಕ್ಕಿತು, ಪ್ರಿಯಾ, ಏ ಪ್ರಿಯಾ, ಆಮೇಲೆ ಗೋಡೆಗೆ ಮುಖ ಮಾಡಿದ ಆ ಬೆನ್ನು ಕಂಡಿತು, ಉಬ್ಬುತ್ತದೆ, ಸಿಕ್ಕಿಕೊಳ್ಳುತ್ತದೆ, ಇಳಿಯುತ್ತದೆ, ಸುಂಯ್, ಯಾವಾಗಿನಿಂದ, ಎರಡು ವರ್ಷ ಇದೇ ಕೋಣೆಯಲ್ಲಿ, ಕೂಸಿನ ಸದ್ದಿನ ಕೆಳಗೆ ಅಡಗಿಕೊಂಡು, ಒಂದೇ ಕಿವಿಯನ್ನು ಒಬ್ಬಳಿಗೇ ಕೊಟ್ಟು ಕೂತವಳಿಗೆ ಕೇಳಿಸಿರಲೇ ಇಲ್ಲ, ನಗುತ್ತಿದ್ದ, ಕೆಮ್ಮುತ್ತಿದ್ದ, ಮೊಣಕೈಯಿಂದ ಸವರುತ್ತಿದ್ದ, ಇವನನ್ನು ಯಾವ ತವರಿಗೆ ಬಿಟ್ಟು ಬರಲಿ. ಕೈ ಡ್ರಮ್ಮಿನ ಅಂಚು ಹಿಡಿಯಿತು, ಮುಖ ಮುಚ್ಚಳದ ಮೇಲಕ್ಕೆ ಬಾಗಿತು, ಎಷ್ಟು ಹತ್ತಿರವೆಂದರೆ ಉಸಿರು ಬಿಟ್ಟರೆ ಬೂದಿ ಏಳುತ್ತದೆ, ಎದ್ದು ಬಂದು ಗೆರೆಯ ಮೇಲೆಯೇ ಕೂಡುತ್ತದೆ, ಬಿಡಬಾರದು, ಬರುವ ಉಸಿರು ಬಂದಾಗಿದೆ, ಹೋಗುವ ಉಸಿರು ಹೋಗಬಾರದು, ನಡುವೆ ನಿಂತ ಗಳಿಗೆ, ಒಳಗೆ ಸುಂಯ್, ಆಚೆ ಖರ್ ಖರ್, ಕಣ್ಣ ಮುಂದೆ ಮೂರು ಗೆರೆ, ಮೇಲಿನದು ಇಲ್ಲ, ನಡುವಿನದು ಇದೆ, ಕೆಳಗಿನದು ಇದೆ, ಮೂರು ಬೆರಳು, ಮೂರು ನೀಲಿ —